ಕೇಬಲ್ ಅಣ್ಣನಿಗೆ ತೆಲುಗಿನಲ್ಲಿ ಹೇಳಿದ ಮಾತು

ಅವರ ಮೇಲಿನ ಸಾಲಿನ ಮುಂದಿನ ಹಲ್ಲೊಂದರಲ್ಲಿ ಅಕ್ಕಿಕಾಳು ಕೂರುವಷ್ಟು ಒಂದು ಕಚ್ಚು ಇತ್ತು. ವೈರಿನ ಮೇಲಿನ ಕರಿ ಸಿಪ್ಪೆಯನ್ನು ಹಲ್ಲಿನಿಂದಲೇ ಕಚ್ಚಿ ಸುಲಿದು ಸುಲಿದು ಆದದ್ದು ಅದು. ಸೊಂಟದಲ್ಲಿ ಇಕ್ಕಳ ಸಿಕ್ಕಿಸಿಕೊಂಡೇ ಇರುತ್ತಿದ್ದರು, ಆದರೆ ಏಣಿಯ ಮೇಲೆ ನಿಂತಾಗ ಒಂದು ಕೈ ಕಂಬಕ್ಕೆ, ಇನ್ನೊಂದು ಕೈ ವೈರಿಗೆ. ಇಕ್ಕಳಕ್ಕೆ ಮೂರನೆಯ ಕೈ ಎಲ್ಲಿಂದ ತರಬೇಕು ಎಂದು ಕೇಳುತ್ತಿದ್ದರು. ನಕ್ಕಾಗ ಮೊದಲು ಆ ಕಚ್ಚು ಕಾಣಿಸುತ್ತಿತ್ತು, ಆಮೇಲೆ ನಗು. ಅವರು ನಗುತ್ತಿದ್ದುದು ಹೆಚ್ಚಾಗಿ ನಾನು ಬೈಯುವಾಗ.

ಹೈದರಾಬಾದಿನ ಉಪ್ಪಲ್ ಬಡಾವಣೆಯ ನಮ್ಮ ಓಣಿಯಲ್ಲಿ ಎಲ್ಲರಿಗೂ ಅವರು ಕೇಬಲ್ ಅಣ್ಣ. ಸೇಡಂ ಕಡೆಯವರು. ಚಿಕ್ಕವರಿದ್ದಾಗ ತಂದೆತಾಯಿಯ ಜೊತೆ ಕಟ್ಟಡದ ಕೆಲಸಕ್ಕೆಂದು ಹೈದರಾಬಾದಿಗೆ ಬಂದು, ಇಟ್ಟಿಗೆ ಹೊತ್ತು, ಆಮೇಲೆ ತಾವೇ ಇಟ್ಟಿಗೆ ಹೊತ್ತ ಮನೆಗಳಿಗೆ ವೈರು ಎಳೆದವರು. ಬಸ್ ಸ್ಟಾಪಿನ ಹಿಂದೆ ಕಿರಿದಾದ ಮೆಟ್ಟಿಲು ಹತ್ತಿದರೆ ಅವರದೊಂದು ಕೋಣೆ, ಅದರ ನೆತ್ತಿಯ ಮೇಲೆ ದೊಡ್ಡ ಡಿಶ್ ತಟ್ಟೆ. ಟೀವಿ ಅಲ್ಲಿಂದಲೇ, ಇಂಟರ್‌ನೆಟ್ಟೂ ಅಲ್ಲಿಂದಲೇ.

ನಾವು ಆ ಮನೆಗೆ ಬಂದ ವಾರದಲ್ಲಿ ನಾನು ಮೆಟ್ಟಿಲ ಮೇಲೆ ನಿಂತು ಮಗಳಿಗೆ ಬೈಯುತ್ತಿದ್ದೆ. ಹೊಸ ಚಪ್ಪಲಿಯನ್ನು ಎಲ್ಲೋ ಬಿಟ್ಟು ಬರಿಗಾಲಲ್ಲಿ ಬಂದಿದ್ದಳು. ಹೆಗಲಿಗೆ ವೈರಿನ ಸುರುಳಿ ಹಾಕಿಕೊಂಡು ಮೇಲೆ ಹತ್ತುತ್ತಿದ್ದ ಮನುಷ್ಯ ಅಲ್ಲೇ ನಿಂತುಬಿಟ್ಟರು. ನನ್ನ ಬೈಗುಳ ಮುಗಿಯುವ ತನಕ ಕಾದು, "ಕಲಬುರ್ಗಿ ಕಡಿಯೋರೇನ್ರಿ?" ಎಂದರು. ನನಗೆ ನಾಚಿಕೆಯಾಯಿತು. ಅವರಿಗೆ ಮಾತ್ರ ಹಬ್ಬದ ಖುಷಿ. ಹೈದರಾಬಾದಿನಲ್ಲಿ ನಮ್ಮವರನ್ನು ಪತ್ತೆ ಹಚ್ಚುವ ದಾರಿ ಇದೊಂದೇ ಎಂದು ವಿವರಿಸಿದರು. ಅಂಗಡಿಯಲ್ಲಿ ತೆಲುಗು, ಆಟೋದಲ್ಲಿ ಹಿಂದಿ, ಗೇಟಿನ ಹೊರಗೆ ಯಾರು ಆಡುವ ಭಾಷೆಯನ್ನೂ ನಂಬುವ ಹಾಗಿಲ್ಲ. "ಮಕ್ಕಳಿಗೆ ಯಾವ ಭಾಷಾದಾಗ ಬೈತಾರ, ಅದೇ ಮನಿ ಭಾಷಾ ತಂಗಿ." ಹೀಗೆ ಕಿವಿಗೊಟ್ಟು ಕಿವಿಗೊಟ್ಟು ಅವರು ಆ ಓಣಿಗಳಲ್ಲಿ ಕನ್ನಡದ ಮನೆಗಳನ್ನು ಹುಡುಕಿದ್ದರು. ಆ ಮನೆಗಳಿಗೆಲ್ಲ, ಯಾರೂ ಕೇಳದಿದ್ದರೂ, ಕನ್ನಡದ ಚಾನೆಲ್ಲುಗಳನ್ನು ತಾವಾಗಿ ಹಾಕಿಸುತ್ತಿದ್ದರು.

ನಮ್ಮ ಮನೆಯಲ್ಲಿ ಆ ಚಾನೆಲ್ಲುಗಳು ಬೇಕಾಗಿದ್ದುದು ಅತ್ತೆಗೆ. ಮಾವ ತೀರಿಕೊಂಡ ಮೇಲೆ ಅತ್ತೆ ಶಹಾಪುರ ಬಿಟ್ಟು ನಮ್ಮಲ್ಲಿಗೆ ಬಂದಿದ್ದರು. ಗಂಡ ಬೆಳಿಗ್ಗೆಯೇ ಜೀಡಿಮೆಟ್ಲಾದ ಔಷಧದ ಕಾರ್ಖಾನೆಗೆ ಹೊರಟರೆ ಬರುವುದು ಸಂಜೆ. ಮಗಳು ಶಾಲೆಗೆ, ನಾನು ಆಫೀಸಿಗೆ. ಅತ್ತೆಗೆ ತೆಲುಗು ಬಾರದು, ಅಕ್ಷರವೂ ಬಾರದು. ಹಗಲೆಲ್ಲ ಅವರ ಕಿವಿಗೆ ಬೀಳುವ ಕನ್ನಡವೆಂದರೆ ಟೀವಿಯದು ಮಾತ್ರ. ರಿಮೋಟಿನ ಗುಂಡಿಗಳು ಅವರಿಗೆ ಗೊತ್ತಾಗುವುದಿಲ್ಲ ಎಂದು ನಾನು ಹೇಳಿದಾಗ ಅಣ್ಣಾರು ಸುತ್ತ ನೋಡಿ, ನಾನು ಕನ್ನಡಿಗೆ ಅಂಟಿಸಿಟ್ಟಿದ್ದ ಹಣೆಯ ಟಿಕಳಿಗಳಲ್ಲಿ ಎರಡನ್ನು ಕಿತ್ತರು. ಕೆಂಪು ಟಿಕಳಿ ಹಚ್ಚಿದ ಗುಂಡಿ ಒತ್ತಿದರೆ ಟೀವಿ ಶುರು. ಹಸಿರು ಟಿಕಳಿ ಒತ್ತಿದರೆ ಕನ್ನಡದ ಚಾನೆಲ್ಲುಗಳು ಮಾತ್ರ ಒಂದರ ಹಿಂದೊಂದು ಬರುವ ಹಾಗೆ ಮಾಡಿಕೊಟ್ಟರು. ಅತ್ತೆ ಒತ್ತಿ ನೋಡಿದರು. ಆ ದಿನದಿಂದ ಅವರಿಗೆ ಆತ ತಮ್ಮ, ಆತನಿಗೆ ಇವರು ಅವ್ವಾರು.

ಟಿಕಳಿ ಸವೆದಾಗಲೆಲ್ಲ ಬಂದು ಬದಲಿಸುತ್ತಿದ್ದರು. ಬಂದರೆ ಅತ್ತೆಯ ಮುಂದೆ ನೆಲದ ಮೇಲೆ ಕುಳಿತು, ಸೀರಿಯಲ್ಲಿನ ಸೊಸೆಯರ ಸುದ್ದಿಯನ್ನು ಪಕ್ಕದ ಮನೆಯವರ ಸುದ್ದಿಯ ಹಾಗೆ ಮಾತಾಡುತ್ತಿದ್ದರು. ಒಂದು ವರ್ಷ ಗಣಪತಿ ಮೆರವಣಿಗೆಗೆ ಅಡ್ಡವಾಗುತ್ತವೆ ಎಂದು ಕಾರ್ಪೊರೇಷನ್ನಿನವರು ಕಂಬಗಳ ಮೇಲಿನ ವೈರುಗಳನ್ನೆಲ್ಲ ಕತ್ತರಿಸಿ ಕೆಳಗೆ ಹಾಕಿದರು. ಇಡೀ ಓಣಿ ಕತ್ತಲೆಯ ಟೀವಿ ಮುಂದೆ ಕುಳಿತಿತ್ತು. ಅಣ್ಣಾರು ಆ ಬಿಸಿಲಲ್ಲಿ ಮಾಳಿಗೆಯಿಂದ ಮಾಳಿಗೆಗೆ ದಾಟುತ್ತ ಹೊಸ ವೈರು ಎಳೆದರು. ಅವರ ಕೋಣೆಗೆ ಹತ್ತಿರದ ಮನೆಗಳು ಬೇಕಾದಷ್ಟಿದ್ದವು. ಮೊದಲು ನಮ್ಮ ಮನೆಗೆ ಬಂದರು. ಯಾಕೆ ಎಂದರೆ, ಅವ್ವಾರು ಒಬ್ಬರೇ ಇರುತ್ತಾರಲ್ಲ ಎಂದರು.

ಇಂಥ ಮನುಷ್ಯನಿಗೆ ನಾನು ಬೈಯುತ್ತಿದ್ದೆ. ವಾರದಲ್ಲಿ ಮೂರು ದಿನ ಮನೆಯಿಂದಲೇ ಆಫೀಸಿನ ಕೆಲಸ ಮಾಡುವುದು ಶುರುವಾದ ಮೇಲೆ ಬೈಗುಳ ಹೆಚ್ಚಾಯಿತು. ಮೀಟಿಂಗಿನ ನಡುವೆ ನೆಟ್ ನಿಂತರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಫೋನ್ ಎತ್ತಿ, ನಿಮ್ಮ ನೆಟ್ಟಿಗಿಂತ ಎತ್ತಿನ ಗಾಡಿ ಮೇಲು, ನಿಮಗೆ ಕೇಬಲ್ ಕೊಟ್ಟವರು ಯಾರು, ಕುರಿ ಕಾಯಲು ಹೋಗಿ ಎಂದೆಲ್ಲ ಅನ್ನುತ್ತಿದ್ದೆ. ಆ ಕಡೆಯಿಂದ ನಗು ಕೇಳುತ್ತಿತ್ತು. "ಬೈರಿ ತಂಗಿ, ಬೈರಿ. ಈ ಊರಾಗ ನನಗ ಕನ್ನಡದಾಗ ಬೈಯೋರು ಯಾರದಾರ?" ಎಂದು ಹೇಳಿ ಅರ್ಧ ತಾಸಿನಲ್ಲಿ ಬಾಗಿಲಲ್ಲಿ ನಿಂತಿರುತ್ತಿದ್ದರು. ಬಂದಾಗಲೆಲ್ಲ ಒಂದೇ ಮಾತು: ನೆಟ್ಟಿನ ಡಬ್ಬಿಯನ್ನು ಕಬ್ಬಿಣದ ಅಲಮಾರಿಯ ಹಿಂದಿನಿಂದ ತೆಗೆದು ಹೊರಗೆ ಗೋಡೆಗೆ ಹಾಕೋಣ. ಪಡಸಾಲೆಯ ಗೋಡೆಯ ಮೇಲೆ ವೈರು ಕಂಡರೆ ಚೆನ್ನಾಗಿರುವುದಿಲ್ಲ ಎಂದು ನಾನು ಒಪ್ಪುತ್ತಿರಲಿಲ್ಲ.

ಒಂದು ದಿನ ಮೀಟಿಂಗಿನಲ್ಲಿ ನಾನು ಮಾತಾಡುತ್ತಿದ್ದಾಗಲೇ ನೆಟ್ ಹೋಯಿತು. ತಿರುಗಿ ಬರುವಷ್ಟರಲ್ಲಿ ನನ್ನ ಕೆಲಸವನ್ನು ಬೇರೆಯವರಿಗೆ ಕೊಟ್ಟಿದ್ದರು. ಆ ಸಂಜೆಯಿಂದ ಹದಿನೈದು ದಿನ ನಮ್ಮ ಮನೆಯಲ್ಲಿ ಅದೇ ಚರ್ಚೆ. ದೊಡ್ಡ ಕಂಪನಿಯೊಂದರ ಹುಡುಗಿ ಬಂದು ಹೊಳೆಯುವ ಕಾಗದ ಕೊಟ್ಟು ಹೋಗಿದ್ದಳು. ನೆಟ್ ವೇಗದ್ದು, ಟೀವಿ ಅದರೊಳಗೇ, ಕನ್ನಡವೂ ಸೇರಿ ಎಲ್ಲ ಭಾಷೆಗಳೂ ಇವೆ. ಗಂಡನಿಗೆ ಒಪ್ಪಿಗೆ, ಮಗಳಿಗೆ ಎರಡು ಪಾಲು ಒಪ್ಪಿಗೆ. ಅತ್ತೆಯನ್ನು ಯಾರೂ ಕೇಳಲಿಲ್ಲ. ಉಳಿದದ್ದು ಒಂದೇ ತೊಡಕು, ಅಣ್ಣಾರಿಗೆ ಹೇಳುವವರು ಯಾರು? ನೀನೇ ದಿನಾ ಬೈತೀಯಲ್ಲ, ನೀನೇ ಹೇಳು ಎಂದ ಗಂಡ. ಬೈಯುವುದು ಬೇರೆ, ಬಿಡುವುದು ಬೇರೆ ಎಂದೆ ನಾನು. ಮನೆ ಖಾಲಿ ಮಾಡುತ್ತಿದ್ದೇವೆ ಎಂದು ಸುಳ್ಳು ಹೇಳೋಣ ಎಂಬ ಮಾತೂ ಬಂತು. ಅದೇ ಓಣಿಯಲ್ಲಿ ದಿನಾ ಎದುರಾಗುವವರಿಗೆ ಎಂಥ ಸುಳ್ಳು ಅದು! ಕೊನೆಗೆ ಯಾರೂ ಹೇಳಲಿಲ್ಲ. ಹೊಸ ಕನೆಕ್ಷನ್ನಿಗೆ ಹೆಸರು ಬರೆಸಿ ಸುಮ್ಮನಾದೆವು.

ಕಂಪನಿಯವನು ಬಂದ ದಿನ ಬೆಳಿಗ್ಗೆ ಹನ್ನೊಂದರ ಹೊತ್ತು. ಗೋಡೆಯ ತೂತಿನಿಂದ ಹಳೆಯ ವೈರನ್ನು ಹೊರಗೆಳೆದು ಹೊಸದನ್ನು ತೂರಿಸಲು ಹೆಣಗುತ್ತಿದ್ದ. ಪಕ್ಕದ ಮನೆಯವರು, ತೆಲುಗಿನವರು, ನೋಡಲು ನಮ್ಮ ಬಾಗಿಲಿಗೆ ಬಂದು ನಿಂತಿದ್ದರು. ಅಷ್ಟರಲ್ಲಿ ಮೆಟ್ಟಿಲ ಮೇಲೆ ದಡದಡ ಸದ್ದು. ನಮ್ಮ ಲೈನು ಸತ್ತದ್ದು ಅಣ್ಣಾರಿಗೆ ಕೋಣೆಯಲ್ಲಿ ಗೊತ್ತಾಗಿ, ಎಲ್ಲೋ ತುಂಡಾಗಿದೆ ಎಂದುಕೊಂಡು, ನಾನು ಫೋನ್ ಮಾಡುವ ಮೊದಲೇ ಏಣಿ ಹೊತ್ತು ಓಡಿ ಬಂದಿದ್ದರು. ಬೆವರು ಒರೆಸಿಕೊಳ್ಳುತ್ತ, "ಲೈನ್ ಹೋಗೇತೇನ್ರಿ ತಂಗಿ? ಇವತ್ತ ಇನ್ನೂ ಬೈದಿಲ್ಲಲ್ರಿ ನೀವು," ಎಂದರು.

ನನ್ನ ಬಾಯಿಂದ ತೆಲುಗು ಬಂತು.

"ಅಕ್ಕರ್ಲೇದು ಅಂಡಿ, ವೇರೇ ಕನೆಕ್ಷನ್ ತೀಸ್ಕುನ್ನಾಂ," ಎಂದೆ. ಬೇಕಿಲ್ಲ, ಬೇರೆ ಕನೆಕ್ಷನ್ ತಗೊಂಡಿದ್ದೇವೆ. ಇಷ್ಟೇ ಮಾತು. ಗ್ಯಾಸ್ ಸಿಲಿಂಡರಿನವರಿಗೆ, ಪಾರ್ಸೆಲ್ ತರುವವರಿಗೆ, ಗೇಟಿನ ಹೊರಗಿನ ಯಾರಿಗಾದರೂ ಹೇಳುವ ಮಾತು. ಪಕ್ಕದವರು ಎದುರಿಗಿದ್ದರು, ಅವರಿಗೂ ಅರ್ಥವಾಗಲಿ ಎಂದು ಹಾಗೆ ಹೇಳಿದೆ ಎಂದು ಆಮೇಲೆ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸುಳ್ಳು. ಕನ್ನಡದಲ್ಲಿ ಹೇಳಿದ್ದರೆ ಕಾರಣ ಕೊಡಬೇಕಾಗುತ್ತಿತ್ತು, ಮುಖ ನೋಡಬೇಕಾಗುತ್ತಿತ್ತು, ಅಣ್ಣಾರ ಎಂದು ಕರೆಯಬೇಕಾಗುತ್ತಿತ್ತು. ಒಂಬತ್ತು ವರ್ಷಗಳಲ್ಲಿ ನಾನು ಅವರೊಂದಿಗೆ ಒಂದು ಶಬ್ದ ತೆಲುಗು ಆಡಿದವಳಲ್ಲ.

ಅವರು ಏಣಿಯನ್ನು ಗೋಡೆಗೆ ಒರಗಿಸಿದರು. "ಸರೇನಮ್ಮಾ," ಎಂದರು, ತೆಲುಗಿನಲ್ಲಿಯೇ. ಆಮೇಲೆ ಒಳಗೆ ಬಂದು, ಹೆಣಗುತ್ತಿದ್ದ ಕಂಪನಿಯವನ ಕೈಯಿಂದ ವೈರು ತೆಗೆದುಕೊಂಡು ಆ ತೂತಿನಲ್ಲಿ ತೂರಿಸಿಕೊಟ್ಟರು. ಆ ತೂತು ಅವರೇ ಕೊರೆದದ್ದು, ಎಲ್ಲಿ ಬಾಗುತ್ತದೆ ಎಂದು ಅವರಿಗೆ ಗೊತ್ತಿತ್ತು. ನೀರಿನ ಟಾಕಿಯ ಕೆಳಗೆ ವೈರು ಬಿಡಬೇಡ, ಅಲ್ಲಿ ತೊಟ್ಟಿಕ್ಕುತ್ತದೆ ಎಂದು ಅವನಿಗೆ ಹೇಳಿದರು. ತಮ್ಮ ಡಬ್ಬಿ, ತಮ್ಮ ರಿಮೋಟು ತೆಗೆದುಕೊಂಡರು. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆಗೆ, "ಬರ್ತೀನ್ರಿ ಅವ್ವಾರ," ಎಂದರು. ಏಣಿ ಹೊತ್ತು ಮೆಟ್ಟಿಲಿಳಿದರು.

ಅವರು ಹೋದ ಮೇಲೆ ಕಂಪನಿಯವನು ಹಳೆಯ ನೆಟ್ಟಿನ ಡಬ್ಬಿ ಇದ್ದ ಜಾಗ ನೋಡಿ ನಕ್ಕ. ಕಬ್ಬಿಣದ ಅಲಮಾರಿಯ ಹಿಂದೆ ಇಟ್ಟರೆ ಯಾವ ಕಂಪನಿಯ ನೆಟ್ಟೂ ಬರುವುದಿಲ್ಲ ಎಂದ. ಹೊಸದನ್ನು ಪಡಸಾಲೆಯ ಗೋಡೆಗೆ, ಎಲ್ಲರಿಗೂ ಕಾಣುವ ಹಾಗೆ ಹಾಕಿದ. ಅವನು ಚಾಚಿದ ಕಾಗದಕ್ಕೆ ನಾನು ಸಹಿ ಹಾಕಿದೆ.

ಅತ್ತೆ ಆ ಸಂಜೆ ಕೇಳಿದ್ದು ಒಂದೇ: "ಅಂವನ ಜೋಡಿ ಯಾಕ ತೆಲುಗು ಮಾತಾಡಿದೆವ್ವ?" ಜನ ಇದ್ದರು ಎಂದೆ. ಅತ್ತೆ ಮತ್ತೆ ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು.

ಹೊಸ ಟೀವಿಯಲ್ಲಿ ಎಲ್ಲ ಇತ್ತು. ಕನ್ನಡವೂ ಇತ್ತು, ಆದರೆ ನಾಲ್ಕು ಪರದೆ ದಾಟಿ, ಇಂಗ್ಲಿಷಿನಲ್ಲಿ ಬರೆದ ಹೆಸರು ಹುಡುಕಿ ಹೋಗಬೇಕು. ನಾನು ಹೊಸ ರಿಮೋಟಿಗೂ ಟಿಕಳಿ ಹಚ್ಚಿದೆ. ಒಂದು ಗುಂಡಿಗೆ ಒಂದೇ ಕೆಲಸವಿಲ್ಲದ ಕಡೆ ಟಿಕಳಿ ಏನು ಮಾಡೀತು. ಅದನ್ನೇ ಕೇಳೋಣವೆಂದು ಕಂಪನಿಗೆ ಫೋನ್ ಮಾಡಿದರೆ, ತೆಲುಗಿಗೆ ಒಂದು ಒತ್ತಿ, ಹಿಂದಿಗೆ ಎರಡು, ಇಂಗ್ಲಿಷಿಗೆ ಮೂರು ಎಂದಿತು. ನಾನು ಒಂದನ್ನು ಒತ್ತಿದೆ. ಬೈಯಬೇಕೆಂದರೂ ಆ ಕಡೆ ಮನುಷ್ಯರು ಸಿಗಲಿಲ್ಲ. ಬರಬರುತ್ತ ಅತ್ತೆ ಟೀವಿ ಬಿಟ್ಟು ಹಗಲೆಲ್ಲ ಬಾಲ್ಕನಿಯಲ್ಲಿ ಕೂರತೊಡಗಿದರು. ಕೆಳಗೆ ಕಟ್ಟಡ ಕೆಲಸಕ್ಕೆ ಹೋಗುವ ಹೆಂಗಸರು ಕನ್ನಡದಲ್ಲಿ ಮಾತಾಡುತ್ತ ಸಾಗುವುದನ್ನು ಕೇಳಲು ಬೆಳಿಗ್ಗೆ ಬೇಗನೆ ಸ್ನಾನ ಮುಗಿಸುತ್ತಿದ್ದರು.

ಒಂದು ಸಲ ಕೋಠಿಯ ಪುಸ್ತಕದ ಬಜಾರಿನಲ್ಲಿ ಮಗಳಿಗೆ ಪುಸ್ತಕ ಕೊಳ್ಳುತ್ತಿದ್ದಾಗ ಅಣ್ಣಾರು ಎದುರಿನ ಔಷಧದ ಅಂಗಡಿಯ ಮುಂದೆ ನಿಂತದ್ದು ಕಾಣಿಸಿತು. ಮೈಯಲ್ಲಿ ಇಳಿದುಹೋಗಿದ್ದರು. ನಾಲ್ಕು ಹೆಜ್ಜೆ ದಾಟಿ, ಅಣ್ಣಾರ, ತಪ್ಪಾತ್ರಿ ಎಂದಿದ್ದರೆ ಸಾಕಿತ್ತು. ನಾನು ಬೇಡದ ಪುಸ್ತಕವೊಂದನ್ನು ಕೈಗೆತ್ತಿಕೊಂಡು ಅದರಲ್ಲಿ ಮುಖ ಹುದುಗಿಸಿದೆ. ತಲೆಯೆತ್ತಿದಾಗ ಅವರು ಇರಲಿಲ್ಲ. ನನಗೆ ನಿರಾಳವೆನಿಸಿತು. ಆ ನಿರಾಳದ ನೆನಪಾದರೆ ಈಗ ನನ್ನ ಮುಖ ನನಗೇ ತೋರಿಸಲಾಗುವುದಿಲ್ಲ.

ಬೇಸಿಗೆಯಲ್ಲಿ ಸಂಡಿಗೆ ಹಾಕಲು ಮಾಳಿಗೆಗೆ ಹೋದೆ. ಟಾಕಿಯ ಹಿಂದೆ, ಬಿಸಿಲು ತಾಗದ ಮೂಲೆಯಲ್ಲಿ, ವೈರಿನ ಒಂದು ಸುರುಳಿ ಮೊಳೆಗೆ ನೇತುಬಿದ್ದಿತ್ತು. ತುದಿಗೆ ನೀರು ಹೋಗದಂತೆ ಹಾಲಿನ ಕವರು ಸುತ್ತಿ ದಾರ ಕಟ್ಟಿದ್ದರು. ಹಾಳೆಯ ಚೂರೊಂದನ್ನು ಟೇಪಿನಲ್ಲಿ ಅಂಟಿಸಿದ್ದರು. ಅದರ ಮೇಲೆ ಕನ್ನಡದಲ್ಲಿ, ಒತ್ತಿ ಬರೆದ ಅಕ್ಷರಗಳಲ್ಲಿ, 'ಅವ್ವಾರ ಮನಿ' ಎಂದಿತ್ತು. ನಮ್ಮ ಲೈನನ್ನು ಅವರು ಕಿತ್ತಿರಲಿಲ್ಲ. ಕೆಳಗೆ ಬಿಟ್ಟರೆ ಮತ್ತೆ ಜೋಡಿಸಲು ಹತ್ತು ನಿಮಿಷದ ಕೆಲಸ.

ಸಂಡಿಗೆಯ ಹಿಟ್ಟನ್ನು ಅತ್ತೆಗೆ ಒಪ್ಪಿಸಿ ನಾನು ಅದೇ ಗಳಿಗೆಯಲ್ಲಿ ಹೊರಟೆ. ಏನೆಂದು ಬೈಯಬೇಕೆಂದು ದಾರಿಯುದ್ದಕ್ಕೂ ಕನ್ನಡದಲ್ಲಿ ಜೋಡಿಸಿಕೊಂಡೆ. ನಿಮ್ಮಂಥವರನ್ನು ಬಿಟ್ಟ ನನ್ನನ್ನು ಬೈಯಲಿಲ್ಲವಲ್ಲ, ನೀವೆಂಥ ಮನುಷ್ಯರು ಎಂದು ಶುರು ಮಾಡುವುದು. ಆ ಕಿರಿದಾದ ಮೆಟ್ಟಿಲನ್ನು ಹತ್ತಿದೆ. ಕೋಣೆಯ ಬಾಗಿಲು ತೆರೆದಿತ್ತು. ಎದುರಿಗೆ ಗೋಡೆಯ ಮೇಲೆ ಅವರ ಫೋಟೋ, ಅದಕ್ಕೆ ಮಾಲೆ. ಫೋಟೋದಲ್ಲಿ ನಗುತ್ತಿರಲಿಲ್ಲ, ಹಾಗಾಗಿ ಹಲ್ಲಿನ ಕಚ್ಚು ಕಾಣುತ್ತಿರಲಿಲ್ಲ.

ಅವರ ಹೆಂಡತಿ ಎದ್ದು ಬಂದರು. ಹೃದಯದ ಕಾಯಿಲೆಯಂತೆ, ಹೋಗಿ ಇಪ್ಪತ್ತೆರಡು ದಿನವಾಗಿತ್ತಂತೆ. ಓಣಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅವರ ಟೀವಿ ಬಿಟ್ಟಿದ್ದ ನಮಗೆ ಹೇಳುವವರು ಯಾರು? ಆಕೆ ಮೊದಲು ತೆಲುಗಿನಲ್ಲಿ, ಏನು ಬೇಕಮ್ಮಾ ಎಂದು ಕೇಳಿದರು. ನಾನು ಕನ್ನಡದಲ್ಲಿ ಉತ್ತರಿಸಿದೆ. ಅಣ್ಣಾರು ನಮ್ಮ ಅತ್ತೆಯ ರಿಮೋಟಿಗೆ ಟಿಕಳಿ ಹಚ್ಚಿಕೊಡುತ್ತಿದ್ದರು ಎಂದೆ. 

ಆಕೆ ನನ್ನ ಮುಖ ನೋಡಿದರು. ಕುರ್ಚಿ ಸರಿಸಿ ಕೂರಿಸಿದರು.

"ಅವ್ವಾರ ಮನಿಯೋರೇನ್ರಿ ನೀವು? ನಿಮ್ಮ ಲೈನ್ ತಗದು ಬ್ಯಾರೆ ಮನಿಗಿ ಕೊಡೂನು ಅಂದ್ರ ಬ್ಯಾಡ ಅಂತಿದ್ರು ನೋಡ್ರಿ. ಆ ತಂಗಿಗಿ ಸಿಟ್ಟು ಭಾಳ, ಒಂದಿನ ಬೈಲಿಕ್ಕಾದ್ರೂ ಫೋನ್ ಮಾಡ್ತಾಳ ಅಂತಿದ್ರು."

ನನ್ನ ಫೋನು ಕೈಯಲ್ಲಿಯೇ ಇತ್ತು. ಅವರ ನಂಬರು ಈಗಲೂ ಅದರಲ್ಲಿದೆ.