ಕಣ್ಣೀರು ಸುಳಿಯ ಕುದುರೆ

ಇವತ್ತು ಸಂಜೆ ಪುಣೆಯ ಧನಕವಡಿ ಬಡಾವಣೆಯ ನಮ್ಮ ಗೇಟಿನ ಮುಂದೆ ಮದುವೆಯ ಮೆರವಣಿಗೆ ನಿಂತಿತ್ತು. ವರನನ್ನು ಹೊತ್ತ ಬಿಳಿ ಕುದುರೆಯ ಕಣ್ಣಿನ ಕೆಳಗೆ ಕೂದಲು ಸುತ್ತಿಕೊಂಡ ಸುಳಿಯೊಂದು ಕಂಡು, ನಾನು ಮತ್ತೆ ಉದ್ದ ಲಂಗ ಉಟ್ಟ ಹುಡುಗಿಯಾದೆ.

ಆಗ ಪುಣೆಯಲ್ಲಿ ಎಲ್ಲಿಗೆ ಹೊರಟರೂ ಟಾಂಗಾ. ನಮ್ಮ ಓಣಿಯ ತುದಿಯಲ್ಲಿ ನಿಲ್ಲುತ್ತಿದ್ದ ಕೆಂಚು ಕುದುರೆಗೂ ಇಂಥದೇ ಸುಳಿಯಿತ್ತು. ಕಣ್ಣೀರು ಸುಳಿ ಎನ್ನುತ್ತಿದ್ದರು. ಆ ಟಾಂಗಾ ಯಾರೂ ಹತ್ತುತ್ತಿರಲಿಲ್ಲ. ಕುದುರೆಯ ಪಕ್ಕೆಲುಬುಗಳು ಎದ್ದು ಕಾಣುತ್ತಿದ್ದವು.

ಒಂದು ದಿನ ಸ್ಟೇಷನ್ನಿಗೆ ಹೊರಟಾಗ ಅಜ್ಜಿ ನೇರ ಅದರತ್ತ ನಡೆದಳು. ಅವ್ವನಿಗೆ ಗಾಬರಿ.

"ಅದು ಬ್ಯಾಡ್ರಿ ಅತ್ತಿ. ಹತ್ತಿದವ್ರಿಗೆ ಕಣ್ಣೀರು ತಪ್ಪೂದಿಲ್ಲಂತ."

ಅಜ್ಜಿ ವಿಧವೆ. ಬೋಳಿಸಿದ ತಲೆಯ ಮೇಲೆ ಕೆಂಪು ಸೆರಗು, ಕುಂಕುಮವಿಲ್ಲದ ಹಣೆ. ಅವಳು ಎದುರಾದರೆ, ಹೊರಟವರು ಮನೆಗೆ ಮರಳಿ ನೀರು ಕುಡಿದು ಹೋಗುತ್ತಿದ್ದರು.

"ನನ್ನ ಮಾರಿ ನೋಡಿದ್ರೂ ಮಂದಿ ಹಂಗ ಅಂತಾರ. ನೀ ದಿನಾ ನೋಡ್ತೀಯಲ್ಲ, ಏನಾಗೇದ ನಿನಗ?"

ಅವ್ವ ನನ್ನನ್ನು ಎತ್ತಿ ಅದೇ ಟಾಂಗಾದಲ್ಲಿ ಕೂರಿಸಿ, ತಾನೂ ಹತ್ತಿದಳು. ಅಜ್ಜಿ ಹತ್ತುವ ಮುಂಚೆ ಕುದುರೆಗೆ ಬೆಲ್ಲ ತಿನ್ನಿಸಿ, ಆ ಸುಳಿಯ ಮೇಲೆ ಹೆಬ್ಬೆರಳು ಆಡಿಸಿದಳು, ಅತ್ತ ಮಗುವಿನ ಕಣ್ಣೊರೆಸುವ ಹಾಗೆ.

ಇವತ್ತು ಬ್ಯಾಂಡಿನ ಗದ್ದಲದಲ್ಲಿ ಸುಳಿಯನ್ನು ಯಾರೂ ಗಮನಿಸಲಿಲ್ಲ. ವರ ನಗುತ್ತ ಕೂತಿದ್ದ. ನಾನು ಕೋಲೂರಿಕೊಂಡು ಹೋಗಿ, ಕುದುರೆಯ ಕಣ್ಣಿನ ಕೆಳಗೆ ಒಮ್ಮೆ ಹೆಬ್ಬೆರಳು ಆಡಿಸಿ ಬಂದೆ.