ಅತ್ತೆ ಕುಡಿದ ಹಾಲು

ವಿಟ್ಲದ ಕಡೆಯ ನಮ್ಮ ತವರಿನಲ್ಲಿ ದೊಡ್ಡವರು ಯಾರೂ ಹಾಲು ಕುಡಿಯುತ್ತಿರಲಿಲ್ಲ. ಕುಡಿಯಬೇಕೆಂಬ ಯೋಚನೆಯೇ ಯಾರಿಗೂ ಬರುತ್ತಿರಲಿಲ್ಲ. ಎರಡು ಸಣ್ಣ ಊರ ದನಗಳಿದ್ದವು. ಕರು ಕುಡಿದು ಉಳಿದದ್ದಕ್ಕೆ ಹೆಪ್ಪು ಹಾಕಿದರೆ ಮರುದಿನದ ಗಂಜಿಗೆ ಮಜ್ಜಿಗೆಯಾಗುತ್ತಿತ್ತು. ಅರವತ್ತರ ದಶಕದ ಆರಂಭದಲ್ಲಿ ನಾನು ಮದುವೆಯಾಗಿ ಗುರುವಾಯನಕೆರೆಯ ಹತ್ತಿರದ ಗಂಡನ ಮನೆಗೆ ಬಂದೆ. ಇಲ್ಲಿ ಹಟ್ಟಿಯ ತುಂಬ ಎಮ್ಮೆಗಳು, ಒಲೆಯ ಮೇಲೆ ಯಾವಾಗಲೂ ಹಾಲು.

ಅತ್ತೆಗೆ ನನ್ನ ಮೇಲೆ ಬಲು ಪ್ರೀತಿ. ಕಷ್ಟ ಶುರುವಾದದ್ದೇ ಅದರಿಂದ. ಸಂಜೆಯಾದರೆ ದೊಡ್ಡ ಲೋಟದ ತುಂಬ ಹಾಲಿಗೆ ಸಕ್ಕರೆ ಹಾಕಿ ನನ್ನೆದುರು ಇಟ್ಟು, ಖಾಲಿಯಾಗುವವರೆಗೆ ಅಲ್ಲೇ ನಿಲ್ಲುತ್ತಿದ್ದರು.

“ಕುಡಿ ಮಗಾ. ಮೈಯಲ್ಲಿ ಎಂತ ಉಂಟು ನಿನಗೆ, ಎಲುಬು ಮಾತ್ರ.”

ಕುಡಿದ ಸ್ವಲ್ಪ ಹೊತ್ತಿಗೆ ಹೊಟ್ಟೆ ಉಬ್ಬಿ ಗುಡುಗುಡು ಎನ್ನುತ್ತಿತ್ತು. ಆಮೇಲೆ ಚೆಂಬು ಹಿಡಿದು ಗುಡ್ಡೆಗೆ ಓಟ. ಹೊಸ ಮನೆಯಲ್ಲಿ ಇಂಥದ್ದನ್ನು ಯಾರಲ್ಲಿ ಹೇಳುವುದು? ಗಂಡ ಮೂಡಬಿದಿರೆಯಲ್ಲಿ ಶಾಲಾ ಮಾಸ್ತರರು, ಶನಿವಾರ ಬಂದು ಸೋಮವಾರ ಬೆಳಿಗ್ಗೆ ಬಸ್ಸು ಹತ್ತುವವರು. ಅವರು ಅದೇ ಹಾಲನ್ನು ಗಟಗಟ ಕುಡಿದು ಮೀಸೆ ಒರೆಸಿಕೊಳ್ಳುವುದನ್ನು ನೋಡಿದರೆ ನನಗೆ ಮೈ ಉರಿಯುತ್ತಿತ್ತು. ಹಾಲು ಕುಡಿದವರೇ ಬದುಕುವುದಿಲ್ಲ, ಇನ್ನು ವಿಷ ಕುಡಿದವರು ಬದುಕುತ್ತಾರೆಯೇ ಎಂಬ ಗಾದೆ ಉಂಟಲ್ಲ, ಅದರ ಮೊದಲರ್ಧ ನನ್ನ ಪಾಲಿಗೆ ಅಕ್ಷರಶಃ ನಿಜವಾಗಿತ್ತು.

ತವರಿಗೆ ಹೋದರೆ ಎರಡೇ ದಿನದಲ್ಲಿ ಗುಣ, ಮರಳಿ ಬಂದರೆ ಮತ್ತೆ ಅದೇ ಕಥೆ. ಅಮ್ಮ ಪೀಡಿಸಿ ಪೀಡಿಸಿ ನನ್ನ ಬಾಯಿ ಬಿಡಿಸಿದರು. ಸಂಜೆ ಅತ್ತೆ ಹಾಲು ಕೊಟ್ಟ ಮೇಲೆ ಹೀಗಾಗುತ್ತದೆ ಎಂದೆ. ಅಷ್ಟು ಸಾಕಾಯಿತು. ನಮ್ಮ ಕಡೆ ಇದಕ್ಕೆ ಒಂದೇ ಅರ್ಥ, ಕೈಮದ್ದು. ಹಗೆಯಿರುವವರು ಅನ್ನದಲ್ಲೋ ನೀರಿನಲ್ಲೋ ಗುಟ್ಟಾಗಿ ಏನನ್ನೋ ಬೆರೆಸಿ ಕೊಡುತ್ತಾರೆ, ತಿಂದವರು ಸೊರಗಿ ಸೊರಗಿ ಸಾಯುತ್ತಾರೆ ಎಂಬ ಭಯ. ಅತ್ತೆಯ ಮೇಲೆ ಅನುಮಾನ ಬಂತೇ ಹೊರತು ಹಾಲಿನ ಮೇಲೆ ಯಾರಿಗೂ ಬರಲಿಲ್ಲ.

ಎಷ್ಟೋ ವರ್ಷಗಳ ನಂತರ ಪರಿಚಯದ ಡಾಕ್ಟರರೊಬ್ಬರು ವಿವರಿಸಿದರು. ತಾಯಿಹಾಲು ಬಿಡಿಸಿದ ಮೇಲೆ ಹಾಲಿನೊಳಗಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಜಗತ್ತಿನ ಹೆಚ್ಚಿನ ಜನರಲ್ಲಿ ಕುಂದುತ್ತದಂತೆ. ತಲೆತಲಾಂತರದಿಂದ ದನ ಸಾಕಿ ಹಾಲಿನಲ್ಲೇ ಬದುಕಿದವರ ಸಂತತಿಯಲ್ಲಿ ಅದು ಕೊನೆಯವರೆಗೂ ಉಳಿಯುವುದು ಹೆಚ್ಚು. ಯುರೋಪಿನ ಉತ್ತರದವರಿಗೆ ಹಾಲು ಅರಗುತ್ತದೆ, ಚೀನಾದ ಹೆಚ್ಚಿನವರಿಗೆ ಇಲ್ಲ. ನಮ್ಮ ದೇಶದಲ್ಲೇ ಪಂಜಾಬಿನ ಕಡೆಯವರಿಗೆ ಅರಗಿದಷ್ಟು ದಕ್ಷಿಣದವರಿಗೆ ಅರಗುವುದಿಲ್ಲ. ಒಂದೇ ಮನೆಯಲ್ಲಿ ಗಂಡನಿಗೆ ಅರಗಿದ್ದು ಹೆಂಡತಿಗೆ ಅರಗದೆ ಇರಬಹುದು. ಮೊಸರಾಗುವಾಗ ಆ ಸಕ್ಕರೆ ಕಡಿಮೆಯಾಗುವುದರಿಂದ ಮಜ್ಜಿಗೆಯಿಂದ ಅಷ್ಟು ತೊಂದರೆಯಿಲ್ಲ. ಆ ಕಾಲದಲ್ಲಿ ಇದನ್ನು ಹೇಳುವವರು ನಮ್ಮ ತಾಲೂಕಿನಲ್ಲಿ ಯಾರಿದ್ದರು?

ವಾರದ ನಡುವಿನ ಒಂದು ಸಂಜೆ ನನ್ನ ಸೋದರಮಾವ ಬಂದರು. ತಾಯಿಯ ಕಡೆಯಿಂದ ವಂಶವೂ ಆಸ್ತಿಯೂ ಸಾಗುವ ನಮ್ಮ ಅಳಿಯಸಂತಾನದ ಮನೆಗಳಲ್ಲಿ ಹೆಣ್ಣುಮಕ್ಕಳ ವಿಷಯದಲ್ಲಿ ಅಪ್ಪನಿಗಿಂತ ಸೋದರಮಾವನ ಮಾತಿಗೆ ತೂಕ. ತವರಿಗೆ ಮರಳಿದವಳಿಗೆ ಅಲ್ಲಿ ಪಾಲೂ ಇರುವುದರಿಂದ, ಹೋದವಳು ಬಾರದೆ ಉಳಿದುಬಿಡುವುದೂ ಸುಲಭ. ಅತ್ತೆ ಕೊಟ್ಟ ಬೆಲ್ಲ ನೀರನ್ನು ಅವರು ಮುಟ್ಟದೆ ಇದ್ದಾಗಲೇ ಬಂದ ಕಾರಣ ನನಗೆ ಗೊತ್ತಾಯಿತು. ನನಗೆ ಗಂಡ ಬೇಕಿತ್ತು, ಈ ಮನೆಯೂ ಬೇಕಿತ್ತು.

“ಹುಡುಗಿಯನ್ನು ಕರಕೊಂಡು ಹೋಗ್ತೇನೆ,” ಎಂದರು ಸೋದರಮಾವ.

“ಯಾಕೆ, ಇಲ್ಲಿ ಎಂತ ಕಡಿಮೆ ಆಗಿದೆ?” ಎಂದರು ಅತ್ತೆ.

“ಕಡಿಮೆ ಎಂತ ಇಲ್ಲ. ನೀವು ಕೊಡುವ ಹಾಲು ಅವಳಿಗೆ ಹಿಡಿಸುವುದಿಲ್ಲ. ಅದರಲ್ಲಿ ಎಂತ ಉಂಟು ಅಂತ ದೇವರಿಗೇ ಗೊತ್ತು.”

ಅತ್ತೆ ಒಳಗಿನಿಂದ ನನಗೆಂದು ತಣಿಸಿಟ್ಟಿದ್ದ ಹಾಲನ್ನು ತಂದು, ಚಾವಡಿಯಲ್ಲೇ ನಿಂತು, ಅವರ ಕಣ್ಣೆದುರು ಒಂದೇ ಉಸಿರಿಗೆ ಕುಡಿದರು.

“ಕೂತ್ಕೊಳ್ಳಿ. ನಾನು ಸಾಯ್ತೇನೋ ನೋಡಿಕೊಂಡೇ ಹೋಗಿ.”

ಅವರು ಕುಳಿತರು. ದೀಪ ಹಚ್ಚುವ ಹೊತ್ತಿಗೆ ಅತ್ತೆ ಹೊಟ್ಟೆ ಹಿಡಿದುಕೊಂಡು ಕಂಬಕ್ಕೆ ಒರಗಿದರು. ನನಗೆ ಚೆನ್ನಾಗಿ ಗೊತ್ತಿದ್ದ ಸದ್ದು ಅವರ ಹೊಟ್ಟೆಯಿಂದ ಕೇಳಿಸಿತು. ಚೆಂಬು ಎತ್ತಿಕೊಂಡು ಗುಡ್ಡೆಯ ಕಡೆಗೆ ಹೊರಟೇಬಿಟ್ಟರು.

“ನೋಡಿದೆಯಾ? ಕೊಟ್ಟ ಮದ್ದು ಕೊಟ್ಟವಳಿಗೇ ತಿರುಗಿತು,” ಎಂದು ಸೋದರಮಾವ ಎದ್ದು ನಿಂತರು. “ಬಟ್ಟೆ ಕಟ್ಟು, ಹೋಗುವ.”

ನಾನು ಬಟ್ಟೆ ಕಟ್ಟಲಿಲ್ಲ. ಹಿತ್ತಿಲಿಗೆ ಹೋಗಿ ಕಾದು ನಿಂತು, ಅತ್ತೆ ಬಂದೊಡನೆ ಕಾಲಿಗೆ ನೀರು ಕೊಟ್ಟೆ.

“ಮಾಮಿ, ನೀವು ಇದಕ್ಕೆ ಮೊದಲು ಹಾಲು ಕುಡಿದದ್ದು ಯಾವಾಗ?”

ಅವರು ಕಾಲು ತೊಳೆಯುತ್ತಲೇ ಅಂದರು, “ನಾನೆಲ್ಲಿ ಕುಡಿದೆ ಮಗಾ? ಗಂಡಸರಿಗೆ ಆಗಿ ಉಳಿದದ್ದು ಹೋಟೆಲಿಗೆ ಹೋಗ್ತದೆ. ನಾನು ಮದುವೆಯಾಗಿ ಬಂದಾಗ ನನಗೆ ಯಾರೂ ಕೊಡಲಿಲ್ಲ. ಸೊಸೆ ಬಂದರೆ ಅವಳಿಗಾದರೂ ಕೊಡಬೇಕು ಅಂತ ಆಗಲೇ ಮನಸ್ಸಿನಲ್ಲಿ ಇತ್ತು.”

ನನಗೆ ಅಳು ತಡೆಯಲಾಗಲಿಲ್ಲ. “ನನಗೂ ಹೀಗೆಯೇ ಆಗುವುದು ಮಾಮಿ. ದಿನಾ.”

“ದಿನಾ? ಮತ್ತೆ ಕುಡಿದದ್ದು ಯಾಕೆ ಮಾರಾಯ್ತಿ?”

“ನೀವು ಕೊಟ್ಟದ್ದಲ್ಲವಾ.”

ಅತ್ತೆ ನನ್ನ ಕೈ ಹಿಡಿದು ಚಾವಡಿಗೆ ನಡೆದರು.

“ನಿಮ್ಮ ಹುಡುಗಿ ಇಷ್ಟು ದಿನ ನನ್ನ ಮುಖ ನೋಡಿ ಹೊಟ್ಟೆನೋವು ಕುಡಿದಿದ್ದಾಳೆ,” ಎಂದರು ಸೋದರಮಾವನಿಗೆ. “ಹಾಲು ನನಗೂ ಆಗುವುದಿಲ್ಲ, ಇವಳಿಗೂ ಆಗುವುದಿಲ್ಲ, ಅಷ್ಟೇ. ಇವಳನ್ನು ನಾನು ಕಳಿಸುವುದಿಲ್ಲ.”

ಮರುದಿನ ಬೆಳಗಿನ ಬಸ್ಸಿಗೆ ಸೋದರಮಾವ ಒಬ್ಬರೇ ಹೋದರು.