ಖಾಲಿ ಮೂತಿಯಿಂದ ಬಂದ ಕೂಗು

ದೆವ್ವ, ಶಕುನ, ಅಶರೀರವಾಣಿ ಇವುಗಳಲ್ಲಿ ನನಗೆ ಎಂದೂ ನಂಬಿಕೆ ಇರಲಿಲ್ಲ. ಅಂಥ ಕಥೆ ಶುರುವಾದರೆ ಎದ್ದು ಹೋಗುತ್ತಿದ್ದವನು ನಾನು. ಈಗ ನಾನೇ ಹೇಳಲು ಕುಳಿತಿದ್ದೇನೆ. ನೀವು ನಂಬಲೇಬೇಕೆಂಬ ಒತ್ತಾಯವಿಲ್ಲ.

ಎಪ್ಪತ್ತರ ದಶಕದ ಕೊನೆ. ಕಡೂರಿನವನಾದ ನಾನು ಲಕ್ಕವಳ್ಳಿಯಲ್ಲಿ ಒಬ್ಬ ಬಿದಿರು ಕಂಟ್ರಾಕ್ಟರರ ಬಳಿ ಲೆಕ್ಕ ಬರೆಯುವ ರೈಟರ್ ಆಗಿದ್ದೆ. ಹಿನ್ನೀರಿನ ಆಚೆ ದಡಕ್ಕೆ ಕೂಲಿಯವರನ್ನು ಸಾಗಿಸಲು ಅವರದೊಂದು ಹಳೆಯ ಲಾಂಚು ಇತ್ತು. ಮುಳುಗಡೆಗೆ ಮೊದಲು ಕಡಿದ ಕಾಡಿನ ಬೊಡ್ಡೆಗಳು ನೀರಿನಡಿ ಹಾಗೇ ಉಳಿದಿದ್ದವು. ಬೇಸಿಗೆಯಲ್ಲಿ ನೀರು ಇಳಿದಾಗ ಗೇಣು ಕೆಳಗೇ ಇರುತ್ತಿದ್ದವು. ಹಿಂದೆ ಕೂತ ಡ್ರೈವರ್ ಮಂಜಪ್ಪನಿಗೆ ಅವು ಕಾಣುತ್ತಿರಲಿಲ್ಲ. ಅದಕ್ಕೆಂದೇ ಲಾಂಚಿನ ಮೂತಿಯಲ್ಲಿ, ಮುಂದಿನ ಚೂಪು ತುದಿಯಲ್ಲಿ, ತರೀಕೆರೆಯ ಖಾದರ್ ಸಾಬರು ನಿಲ್ಲುತ್ತಿದ್ದರು. ನೀರಿನ ಬಣ್ಣ ನೋಡಿಯೇ “ಎಡಕ್ಕೆ”, “ಬಲಕ್ಕೆ” ಎಂದು ಎಳೆದು ಕೂಗುವುದಷ್ಟೇ ಅವರ ಕೆಲಸ.

ಒಂದು ಬೇಸಿಗೆಯ ಮಧ್ಯಾಹ್ನ ಆರು ಜನ ಕೂಲಿಯವರ ಜೊತೆ ಕಂಟ್ರಾಕ್ಟರರೂ ಅವರ ಮೂವರು ಸ್ನೇಹಿತರೂ ಹತ್ತಿದರು. ನಾಲ್ವರೂ ಕುಡಿದಿದ್ದರು. ಒಬ್ಬ ಆಗಲೇ ವಾಂತಿ ಮಾಡಿಕೊಂಡಿದ್ದ. ಅದು ಡೀಸೆಲ್ಲಿನೊಂದಿಗೆ, ಬುಟ್ಟಿಯಿಂದ ಸೋರಿದ ಮೀನಿನ ನೀರಿನೊಂದಿಗೆ ಕಲಸಿ ನಮ್ಮ ಕಾಲಡಿ ಹರಿಯುತ್ತಿತ್ತು. ನಡುನೀರಿನಲ್ಲಿ ಕಂಟ್ರಾಕ್ಟರರು, “ಏ ಸಾಬಿ, ಅಲ್ಲಿ ನಿಂತು ಏನ್ ಕಡಿದು ಕಟ್ಟೆ ಹಾಕ್ತಿದ್ದೀಯ? ಬಂದು ಮೀನ್ ಕುಯ್ಕೊಡು” ಎಂದರು.

“ಬೊಡ್ಡೆ ಜಾಗ ಬಂತು ಸಾವ್ಕಾರ್ರೆ. ದಾಟ್ಲಿ, ಬತ್ತೀನಿ.”

“ಹೇಳ್ದಷ್ಟು ಮಾಡೋ.”

ಸಾಬರು ನನ್ನ ಮುಖ ನೋಡಿದರು. ನಾನು ಲೆಕ್ಕದ ಪುಸ್ತಕದತ್ತ ಬಗ್ಗಿದೆ. ಅವರು ಬಂದು ನನ್ನ ಪಕ್ಕ ಕೂತು ಮೀನಿನ ಹೊಟ್ಟೆ ಸೀಳತೊಡಗಿದರು.

ಎರಡು ನಿಮಿಷ ಕಳೆದಿರಬೇಕು. “ಎಡಕ್ಕೆ, ಎಡಕ್ಕೆ ತಿರುಗ್ಸೋ ಮಂಜಪ್ಪಾ” ಎಂಬ ಕೂಗು ಮೂತಿಯ ಕಡೆಯಿಂದ ಬಂತು. ಖಾದರ್ ಸಾಬರದೇ ದನಿ, ಅದೇ ಎಳೆತ. ಪಕ್ಕಕ್ಕೆ ತಿರುಗಿದೆ. ಸಾಬರ ಬಾಯಿ ಮುಚ್ಚಿತ್ತು. ಚೂರಿ ಹಿಡಿದ ಕೈ ಹಾಗೇ ನಿಂತಿತ್ತು. ಅವರೂ ಖಾಲಿ ಮೂತಿಯನ್ನೇ ದಿಟ್ಟಿಸುತ್ತಿದ್ದರು. ಅಷ್ಟರಲ್ಲಿ ತಳ ಸೀಳಿದ ಸದ್ದಾಯಿತು.

ಲಾಂಚು ಮಗುಚಿತು. ಇದ್ದ ಎರಡು ಖಾಲಿ ಡ್ರಮ್ಮುಗಳನ್ನು ಕಂಟ್ರಾಕ್ಟರರೂ ಸ್ನೇಹಿತರೂ ತಬ್ಬಿಕೊಂಡರು. ಈಜು ಬಾರದ ನನ್ನನ್ನು ಎಳೆದು ಬೊಡ್ಡೆಯೊಂದಕ್ಕೆ ಹತ್ತಿಸಿದವರು ಸಾಬರು. ಗೌರಮ್ಮ ಎಂಬ ಕೂಲಿ ಹೆಂಗಸನ್ನು ಹಿಡಿಯಲು ಮರಳಿ ಹೋದವರು ಬರಲಿಲ್ಲ. ಅವಳೂ ಬರಲಿಲ್ಲ. ಉಳಿದವರು ಹೇಗೋ ದಡ ಸೇರಿದರು.

ಮೂರನೆಯ ದಿನ ಕಂಟ್ರಾಕ್ಟರರ ಆಫೀಸಿನಲ್ಲೇ ಪೊಲೀಸರ ವಿಚಾರಣೆ. ಮುಂದೆ ನಿಲ್ಲಬೇಕಾದವನು ಕುಡಿದು ಮಲಗಿದ್ದ ಎಂದು ಕಂಟ್ರಾಕ್ಟರರು ಹೇಳಿದರು. ಆ ಹೇಳಿಕೆಯನ್ನು ನನ್ನ ದುಂಡು ಅಕ್ಷರದಲ್ಲಿ ನಾನೇ ಬರೆದೆ, ಸಾಕ್ಷಿಯಾಗಿ ಸಹಿಯನ್ನೂ ಹಾಕಿದೆ. ಹನಿ ಹೆಂಡ ಮುಟ್ಟದ ಮನುಷ್ಯ ಖಾದರ್ ಸಾಬರು. ಬರೆದದ್ದನ್ನು ಓದಿ ಹೇಳುವಾಗ ಸಾಬರ ಹೆಂಡತಿ ಬಾಗಿಲಲ್ಲಿ ನಿಂತಿದ್ದರು. “ನೀವು ಪಕ್ಕದಾಗೇ ಕೂತಿದ್ರಂತೆ” ಎಂದರು, ಅಷ್ಟೇ. ಕಂಟ್ರಾಕ್ಟರರ ಮೇಲೆ ನನಗಿರುವುದು ಅಸಹ್ಯ. ನನ್ನ ಮೇಲಿನದಕ್ಕೆ ಆ ಮಾತು ಸಾಲದು. ಅನ್ನ ಕಲಸುವಾಗ ಈಗಲೂ ಅದನ್ನು ಬರೆದ ಈ ಬಲಗೈ ನೋಡಿ ತಟ್ಟೆ ಸರಿಸಿ ಎದ್ದುಬಿಡುವುದುಂಟು.

ಕೆಲವು ವರ್ಷಗಳ ಮೇಲೆ ಅಜ್ಜಂಪುರದ ಸ್ಟೇಷನ್ನಿನಲ್ಲಿ ಮಂಜಪ್ಪ ಸಿಕ್ಕ. ಆ ಕೂಗು ಅವನಿಗೂ ಕೇಳಿಸಿತ್ತಂತೆ. ಮತ್ತೇಕೆ ತಿರುಗಿಸಲಿಲ್ಲ ಎಂದೆ.

“ತಲೆ ಎತ್ತಿ ನೋಡ್ದೆ. ಮುಂದ್ಗಡೆ ಯಾರೂ ಇರ್ಲಿಲ್ಲ ಕಣ್ರೀ. ಯಾರ್ ಮಾತು ಅಂತ ಕೇಳ್ಲಿ?”

ರೈಲು ಬಂತು. ಇಬ್ಬರೂ ಬೇರೆ ಬೇರೆ ಡಬ್ಬಿ ಹತ್ತಿದೆವು.